ನೊರೆ ಇಳಿಸಲು ಗಿಡದ ಎಣ್ಣೆ: ಓದುಗರ ಪ್ರಶ್ನೆಗಳಿಗೆ ಉತ್ತರ

ಕಾರ್ಖಾನೆಗಳಲ್ಲಿ ನೊರೆ ಇಳಿಸಲು ಬಳಸುವ ಸಿಲಿಕೋನಿನ ಬದಲು ಸಸ್ಯಮೂಲದ ವಸ್ತುಗಳನ್ನು ಬಳಸಬಹುದೇ ಎಂದು ಡೊಂಬಿವಲಿಯ ಓದುಗರೊಬ್ಬರು ಕೇಳಿದ ಬೆನ್ನಲ್ಲೇ, ಅದೇ ವಿಷಯದ ಮೇಲೆ ಮುಂಬಯಿ, ಪುಣೆ, ಗೋವೆಗಳಿಂದ ಇನ್ನಷ್ಟು ಪತ್ರಗಳು ಬಂದುವು. ಆದ್ದರಿಂದ ಈ ಸಂಚಿಕೆಯ ಅಂಕಣವನ್ನು ಪೂರ್ತಿಯಾಗಿ ಅದಕ್ಕೇ ಬಿಟ್ಟುಕೊಟ್ಟಿದ್ದೇವೆ. ಪತ್ರಗಳನ್ನು ಸಂಕ್ಷೇಪಿಸಿ, ಕಾರ್ಖಾನೆಗಳ ಹೆಸರುಗಳನ್ನು ಕೈಬಿಟ್ಟಿದ್ದೇವೆ.

ಪ್ರಶ್ನೆ: ನಮ್ಮದು ಬಟ್ಟೆಗೆ ಬಣ್ಣ ಹಾಕುವ ಘಟಕ. ಯಂತ್ರದಲ್ಲಿ ನೊರೆ ಬಂದಾಗ ಸಿಲಿಕೋನ್ ಡಿಫೋಮರ್ ಹಾಕುತ್ತೇವೆ. ವಿದೇಶದ ಗ್ರಾಹಕರು ಸಿಲಿಕೋನ್ ಬೇಡ, ಸಸ್ಯಮೂಲದ್ದು ಬಳಸಿ ಎನ್ನುತ್ತಿದ್ದಾರೆ. ಹರಳೆಣ್ಣೆ, ಶೇಂಗಾ ಎಣ್ಣೆ ಹಾಕಿ ನೋಡಿದರೆ ಒಮ್ಮೆ ಕೆಲಸ ಮಾಡುತ್ತದೆ, ಒಮ್ಮೆ ಮಾಡುವುದಿಲ್ಲ. ಏಕೆ? (ಓದುಗರು, ಡೊಂಬಿವಲಿ)

ಉತ್ತರ: ಶುದ್ಧ ನೀರನ್ನು ಎಷ್ಟು ಕಲಕಿದರೂ ನೊರೆ ನಿಲ್ಲುವುದಿಲ್ಲ. ಸಾಬೂನು, ಪ್ರೋಟೀನು, ಗೋಂದು ಮುಂತಾದವುಗಳ ಅಣುಗಳು ನೀರಿನ ಮೇಲ್ಮೈಯಲ್ಲಿ ಸಾಲುಗಟ್ಟಿ ನಿಂತಾಗ ಮಾತ್ರ ಗುಳ್ಳೆಗಳ ನಡುವಿನ ತೆಳುಪೊರೆ ಒಡೆಯದೆ ಉಳಿಯುತ್ತದೆ. ನೀರಿನಲ್ಲಿ ಕರಗದ ಒಂದು ಎಣ್ಣೆಹನಿ ಆ ಪೊರೆಯೊಳಕ್ಕೆ ಸೇರಿ, ಅದರ ಮೇಲೆ ಹರಡಿ, ಅಲ್ಲಿದ್ದ ದ್ರವವನ್ನು ಪಕ್ಕಕ್ಕೆ ಎಳೆದುಕೊಂಡು ಹೋದರೆ ಪೊರೆ ತೆಳುವಾಗಿ ಒಡೆಯುತ್ತದೆ. ಇಲ್ಲವೇ ಹನಿಯು ಪೊರೆಯ ಎರಡೂ ಬದಿಗಳನ್ನು ಮುಟ್ಟುವಂತೆ ಅಡ್ಡಲಾಗಿ ನಿಂತು ಅಲ್ಲಿಯೇ ಅದನ್ನು ಹರಿದುಹಾಕುತ್ತದೆ. ನೊರೆ ಇಳಿಸುವ ಎಣ್ಣೆಗಳೆಲ್ಲವೂ, ಗಿಡದ್ದಾಗಲಿ ಸಿಲಿಕೋನಾಗಲಿ, ಬಹುಮಟ್ಟಿಗೆ ಈ ಎರಡು ದಾರಿಗಳಲ್ಲೇ ಕೆಲಸ ಮಾಡುತ್ತವೆ.

ವ್ಯತ್ಯಾಸವಿರುವುದು ಎಣ್ಣೆ ಹರಡುವ ಶಕ್ತಿಯಲ್ಲಿ. ಒಂದು ದ್ರವ ಇನ್ನೊಂದರ ಮೇಲೆ ಹರಡಬೇಕಾದರೆ ಅದರ ಮೇಲ್ಮೈ ಎಳೆತ ಕೆಳಗಿನ ದ್ರವದ ಎಳೆತಕ್ಕಿಂತ ಸಾಕಷ್ಟು ಕಡಿಮೆಯಿರಬೇಕು. ಶುದ್ಧ ನೀರಿನ ಮೇಲ್ಮೈ ಎಳೆತ ಮೀಟರಿಗೆ ಸುಮಾರು 72 ಮಿಲಿನ್ಯೂಟನ್. ಶೇಂಗಾ, ಸೋಯಾ, ಸೂರ್ಯಕಾಂತಿ ಮೊದಲಾದ ಎಣ್ಣೆಗಳದು ಸುಮಾರು 32ರಿಂದ 35. ಸಿಲಿಕೋನ್ ಎಣ್ಣೆಯದು ಕೇವಲ 20-21. ಪ್ರೋಟೀನಿನಿಂದ ನೊರೆಗಟ್ಟಿದ ದ್ರವದಲ್ಲಿ ಎಳೆತ 45ರಿಂದ 50ರ ಆಸುಪಾಸಿನಲ್ಲಿರುವುದರಿಂದ ಅದರ ಮೇಲೆ ಗಿಡದ ಎಣ್ಣೆ ಸುಲಭವಾಗಿ ಹರಡುತ್ತದೆ. ಆದರೆ ಬಣ್ಣದ ತೊಟ್ಟಿಯಲ್ಲಿ ನೀವು ವೆಟಿಂಗ್ ಏಜೆಂಟ್, ಲೆವೆಲಿಂಗ್ ಏಜೆಂಟ್ ಎಂದು ಹಾಕುವ ಸರ್ಫೆಕ್ಟೆಂಟುಗಳು (ಸಾಬೂನಿನಂತೆ ಮೇಲ್ಮೈ ಎಳೆತ ಇಳಿಸುವ ವಸ್ತುಗಳು) ನೀರಿನ ಎಳೆತವನ್ನು 30ರ ಹತ್ತಿರಕ್ಕೆ ತಂದಿಟ್ಟಿರುತ್ತವೆ. ಅದರ ಮೇಲೆ 33ರ ಎಣ್ಣೆ ಹರಡಲಾರದೆ ಮುದ್ದೆಯಾಗಿ ತೇಲುತ್ತದೆ, 21ರ ಸಿಲಿಕೋನ್ ಮಾತ್ರ ಸಲೀಸಾಗಿ ಹರಡುತ್ತದೆ. ನಿಮ್ಮ ಹರಳೆಣ್ಣೆ ಒಮ್ಮೆ ಕೆಲಸ ಮಾಡಿ ಇನ್ನೊಮ್ಮೆ ಕೈಕೊಡುವುದಕ್ಕೆ ಬಹುಶಃ ಇದೇ ಕಾರಣ. ಗಂಜಿ ತೆಗೆಯುವ ಹಂತದ ನೊರೆಯೂ ಬಣ್ಣದ ತೊಟ್ಟಿಯ ನೊರೆಯೂ ಕಣ್ಣಿಗೆ ಒಂದೇ ಬಗೆಯಾಗಿ ಕಂಡರೂ ಅವು ಬೇರೆ ಬೇರೆ.

ಎರಡನೆಯ ಕಾರಣವೂ ಇದೆ, ಅದನ್ನು ನಿಮ್ಮ ಉದ್ಯಮದಲ್ಲಿ ಮರೆಯುವಂತಿಲ್ಲ. ಗಿಡದ ಎಣ್ಣೆ ಕೊಬ್ಬಿನಾಮ್ಲಗಳ ಎಸ್ಟರ್, ಅಂದರೆ ಆಮ್ಲ ಮತ್ತು ಆಲ್ಕೊಹಾಲು ಕೂಡಿ ಆದ ವಸ್ತು. ಬಟ್ಟೆಯ ಕೊಳೆ-ಜಿಡ್ಡು ತೆಗೆಯಲು ಕಾಸ್ಟಿಕ್ ಸೋಡಾ ಹಾಕಿ ಕುದಿಸುವ ಸ್ಕೌರಿಂಗ್ ತೊಟ್ಟಿಗೆ ಅದನ್ನು ಸುರಿದರೆ, ಅಲ್ಲಿ ನಡೆಯುವುದು ಸಾಬೂನು ತಯಾರಿಕೆ. ಮೊದಲ ಐದು ನಿಮಿಷ ನೊರೆ ಇಳಿದಂತೆ ತೋರಿ, ಆಮೇಲೆ ಮೊದಲಿಗಿಂತ ಹೆಚ್ಚು ಏಳುತ್ತದೆ. ನೀರು ಗಡಸಾಗಿದ್ದರೆ ಮಾತ್ರ ಆ ಸಾಬೂನು ಕ್ಯಾಲ್ಸಿಯಂ ಜೊತೆ ಸೇರಿ ಕರಗದ ಜಿಡ್ಡಾಗಿ ನೊರೆಯನ್ನು ತಾನೇ ಕೊಲ್ಲುತ್ತದೆ, ಆದರೆ ಆ ಜಿಡ್ಡು ಬಟ್ಟೆಗೆ ಅಂಟುವುದರಿಂದ ನಿಮಗೆ ಅದು ಲಾಭವಲ್ಲ.

ಹಾಗಾದರೆ ಏನು ಮಾಡಬೇಕು? ಬರಿಯ ಎಣ್ಣೆಯ ಬದಲು ಎಣ್ಣೆಯಿಂದ ಹುಟ್ಟಿದ ವಸ್ತುಗಳನ್ನು ನೋಡಿ. ತಾಳೆ, ತೆಂಗುಗಳಿಂದ ತೆಗೆಯುವ ಕೊಬ್ಬಿನ ಆಲ್ಕೊಹಾಲುಗಳು ಸಾಬೂನಾಗುವುದಿಲ್ಲ. ಕಾಗದದ ಗಿರಣಿಗಳು ಉದ್ದ ಸರಪಳಿಯ ಇಂಥ ಆಲ್ಕೊಹಾಲುಗಳನ್ನು ನೀರಿನಲ್ಲಿ ಹಾಲಿನಂಥ ಎಮಲ್ಷನ್ ಮಾಡಿ ಬಹಳ ಕಾಲದಿಂದ ಬಳಸುತ್ತಿವೆ. ಕಾಸ್ಟಿಕ್ ಇಲ್ಲದ ತೊಟ್ಟಿಗಳಿಗೆ ಗ್ಲಿಸರಿನ್ ಎಸ್ಟರು, ಸಾರ್ಬಿಟಾನ್ ಎಸ್ಟರುಗಳೂ ಇವೆ. ಇವುಗಳ ಜೊತೆಗೆ ನೀರು ಒಲ್ಲದ ಸೂಕ್ಷ್ಮ ಘನಕಣಗಳನ್ನು ಸೇರಿಸಿದರೆ ಪರಿಣಾಮ ಹಲವು ಪಟ್ಟು ಹೆಚ್ಚುತ್ತದೆ, ಏಕೆಂದರೆ ಹನಿ ಮತ್ತು ಗುಳ್ಳೆಯ ನಡುವೆ ಉಳಿಯುವ ನೀರಿನ ತೆಳುಪೊರೆಯನ್ನು ಆ ಕಣಗಳ ಚೂಪು ಮೂಲೆಗಳು ಚುಚ್ಚಿ ತೆರೆಯುತ್ತವೆ. ಸಿಲಿಕೋನ್ ಡಿಫೋಮರುಗಳಲ್ಲಿ ಈ ಕೆಲಸಕ್ಕೆ ಸಿಲಿಕಾ ಪುಡಿ ಇರುತ್ತದೆ. ಸಸ್ಯಮೂಲದಲ್ಲಿ ತೌಡಿನ ಮೇಣ, ಕಾರ್ನೋಬಾ ಮೇಣ, ಇಲ್ಲವೇ ಸುಮಾರು 85 ಡಿಗ್ರಿಯಲ್ಲಿ ಕರಗುವ ಹೈಡ್ರೋಜನೀಕರಿಸಿದ ಹರಳೆಣ್ಣೆ ಅದೇ ಕೆಲಸ ಮಾಡಬಲ್ಲವು. ಮೇಣವನ್ನು ಬಿಸಿ ಎಣ್ಣೆಯಲ್ಲಿ ಕರಗಿಸಿ ಬೇಗ ತಣಿಸಿದರೆ ಹರಳುಗಳು ಸಣ್ಣದಾಗಿ ಹುಟ್ಟುತ್ತವೆ. ನಿಧಾನವಾಗಿ ತಣಿಸಿದರೆ ದಪ್ಪಗಾಗಿ ತಳ ಹಿಡಿಯುತ್ತವೆ. ಆದರೆ ಒಂದು ಮಿತಿ ನೆನಪಿಡಿ: ತೊಟ್ಟಿಯ ಬಿಸಿ ಮೇಣದ ಕರಗುವ ಬಿಸಿಗಿಂತ ಹೆಚ್ಚಾದರೆ ಹರಳುಗಳೂ ಇಲ್ಲ, ಅವುಗಳ ಸಹಾಯವೂ ಇಲ್ಲ. ಪಾಲಿಯೆಸ್ಟರಿಗೆ 130 ಡಿಗ್ರಿಯಲ್ಲಿ ಬಣ್ಣ ಕೊಡುವ ಜೆಟ್ ಯಂತ್ರಕ್ಕೆ ಮೇಣದ ದಾರಿ ಹೊಂದುವುದಿಲ್ಲ; ಅಲ್ಲಿ ಆಲ್ಕೊಹಾಲು, ಎಸ್ಟರುಗಳನ್ನೇ ಪರೀಕ್ಷಿಸಬೇಕು. ಅದೇ ಯಂತ್ರದಲ್ಲಿ ಸಿಲಿಕೋನ್ ಎಮಲ್ಷನ್ ಒಡೆದು ಬಟ್ಟೆಯ ಮೇಲೆ ಹೋಗದ ಕಲೆ ಬೀಳುವುದು ನಿಮಗೆ ಗೊತ್ತೇ ಇರುವ ತೊಂದರೆ, ಆದ್ದರಿಂದ ನಿಮ್ಮ ಗ್ರಾಹಕರ ಬೇಡಿಕೆ ನಿಮಗೂ ಪೂರ್ತಿ ನಷ್ಟದ್ದಲ್ಲ.

ಗ್ರಾಹಕರು ಹೀಗೆ ಕೇಳುವುದರ ಹಿನ್ನೆಲೆಯನ್ನೂ ಹೇಳಬೇಕು. ಸಿಲಿಕೋನ್ ಎಣ್ಣೆಯಲ್ಲಿ ಅಲ್ಪಸ್ವಲ್ಪ ಉಳಿದಿರುವ ಡಿ4, ಡಿ5, ಡಿ6 ಎಂಬ ಉಂಗುರಾಕಾರದ ಸಿಲೋಕ್ಸೇನುಗಳನ್ನು ಐರೋಪ್ಯ ಒಕ್ಕೂಟ 2018ರಲ್ಲಿ ಹೆಚ್ಚಿನ ಕಾಳಜಿಯ ರಾಸಾಯನಿಕಗಳ ಪಟ್ಟಿಗೆ ಸೇರಿಸಿತು. ತೊಳೆದುಹೋಗುವ ಪ್ರಸಾಧನ ಸಾಮಗ್ರಿಗಳಲ್ಲಿ ಡಿ4, ಡಿ5ಗಳಿಗೆ 2020ರ ಜನವರಿ ಕೊನೆಯಿಂದ ಶೇ. 0.1ರ ಮಿತಿ ಬಂದಿದೆ. ಸಿಲಿಕೋನ್ ವಿಷವೆಂದು ಇದರ ಅರ್ಥವಲ್ಲ. ಈ ಸಿಲೋಕ್ಸೇನುಗಳು ಬೇಗ ಕೊಳೆಯದೆ ಪರಿಸರದಲ್ಲಿ ಉಳಿದು ಜೀವಿಗಳ ಮೈಯಲ್ಲಿ ಸೇರಿಕೊಳ್ಳುತ್ತವೆ ಎಂಬುದೇ ಮುಖ್ಯ ಆಕ್ಷೇಪ.

ಪ್ರಶ್ನೆ: ನಾನು ಪುಣೆ ಜಿಲ್ಲೆಯ ಸಕ್ಕರೆ ಕಾರ್ಖಾನೆಯೊಂದರ ಡಿಸ್ಟಿಲರಿಯಲ್ಲಿದ್ದೇನೆ. ಊರು ಮಂಡ್ಯದ ಕಡೆ. ಆಲೆಮನೆಯಲ್ಲಿ ಕೊಪ್ಪರಿಗೆ ಉಕ್ಕಿದರೆ ಹರಳೆಣ್ಣೆ ಬಿಡುತ್ತಿದ್ದುದನ್ನು ಕಂಡವನು. ಕಾಕಂಬಿ ಹುದುಗುವ ಟ್ಯಾಂಕಿನಲ್ಲೂ ಅದೇ ಸಾಲದೇ? ಹುದುಗುವಿಕೆಗೆ ಧಕ್ಕೆಯಾಗುತ್ತದೆಯೇ? ಕೊಳಚೆನೀರಿನ ಲೆಕ್ಕ ಏನು? (ಓದುಗರು, ಪುಣೆ)

ಉತ್ತರ: ಸಾಲುತ್ತದೆ, ನಿಮ್ಮ ಡಿಸ್ಟಿಲರಿಯ ದಾಸ್ತಾನಿನಲ್ಲಿ ಅದರ ಮರಿ ಈಗಾಗಲೇ ಇರಬಹುದು. ದೇಶದ ಅನೇಕ ಡಿಸ್ಟಿಲರಿಗಳು ಬಳಸುವ ಟರ್ಕಿ ರೆಡ್ ಆಯಿಲ್, ನೀವು ಟಿಆರ್‌ಓ ಎಂದು ಕರೆಯುವ ಸರಕು, ಹರಳೆಣ್ಣೆಯನ್ನು ಗಂಧಕಾಮ್ಲದೊಡನೆ ಸೇರಿಸಿ, ತೊಳೆದು, ಕ್ಷಾರದಿಂದ ತಟಸ್ಥಗೊಳಿಸಿ ಮಾಡಿದ್ದು. ಹರಳೆಣ್ಣೆಯ ಕೊಬ್ಬಿನಾಮ್ಲಗಳಲ್ಲಿ ಶೇ. 85ರಿಂದ 90ರಷ್ಟು ರಿಸಿನೋಲಿಕ್ ಆಮ್ಲ. ಅದರ ಸರಪಳಿಯ ನಡುವೆ ಇರುವ ಒಂದು ಹೈಡ್ರಾಕ್ಸಿಲ್ ಗುಂಪಿನಿಂದಾಗಿ ಈ ಕ್ರಿಯೆ ಸಾಧ್ಯವಾಗುತ್ತದೆ, ಮತ್ತು ಸಿಗುವ ಎಣ್ಣೆ ನೀರಿನಲ್ಲಿ ಹಾಲಿನಂತೆ ಬೆರೆಯುತ್ತದೆ. ಹರಳಿನ ಉತ್ಪಾದನೆಯಲ್ಲಿ ಭಾರತವೇ ಜಗತ್ತಿನಲ್ಲಿ ಮೊದಲು, ಅದರಲ್ಲೂ ಬಹುಪಾಲು ಪಕ್ಕದ ಗುಜರಾತಿನದು. ಹೀಗಾಗಿ ಮಹಾರಾಷ್ಟ್ರದ ಡಿಸ್ಟಿಲರಿಗೆ ಸರಬರಾಜಿನ ಚಿಂತೆಯಿಲ್ಲ. ಒಂದೇ ಎಚ್ಚರಿಕೆ: ಟಿಆರ್‌ಓ ತಾನೇ ಒಂದು ಸರ್ಫೆಕ್ಟೆಂಟ್ ಆಗಿರುವುದರಿಂದ ಅಳತೆ ಮೀರಿದರೆ ಅದೇ ನೊರೆ ಬರಿಸುತ್ತದೆ. ಸಾದಾ ಎಣ್ಣೆಗೆ ಆ ಗುಣವಿಲ್ಲ, ಆದರೆ ಅದು ಸರಿಯಾಗಿ ಹರಡಿಕೊಳ್ಳದೆ ಟ್ಯಾಂಕಿನ ಗೋಡೆಗೆ ಮೆತ್ತಿಕೊಳ್ಳುತ್ತದೆ. ಎರಡನ್ನೂ ಬೆರೆಸಿ ಬಳಸುವುದು ನನ್ನ ದೃಷ್ಟಿಯಲ್ಲಿ ಒಳ್ಳೆಯ ದಾರಿ.

ಆಲೆಮನೆಯ ಬಗೆಗೆ ಒಂದು ಮಾತು. ಮಂಡ್ಯದಲ್ಲೂ ಕೊಲ್ಲಾಪುರದ ಕಡೆಯೂ ಕೊಪ್ಪರಿಗೆಗೆ ಬೆಂಡೆಯ ಲೋಳೆ ಹಾಕುವುದು ಬೇರೆ ಕೆಲಸಕ್ಕೆ: ಅದು ಕಬ್ಬಿನ ರಸದ ಕಶ್ಮಲವನ್ನು ಕಟ್ಟಿ ಮೇಲಕ್ಕೆ ತರುತ್ತದೆ. ಹಾಗೆ ಮೇಲೆ ಬಂದ ಮಡ್ಡಿಯನ್ನು ತೆಗೆದುಹಾಕಿದಾಗ ನೊರೆ ಹಿಡಿದಿಡುವ ಪ್ರೋಟೀನು, ಗೋಂದುಗಳೂ ಹೋಗುತ್ತವೆ. ಆಮೇಲೆ ಎಣ್ಣೆ ತೊಟ್ಟು ಬಿಟ್ಟರೆ ಸಾಕಾಗುವುದು ಅದಕ್ಕೇ. ಡಿಸ್ಟಿಲರಿಯಲ್ಲಿ ಕಾಕಂಬಿಯನ್ನು ತಿಳಿಗೊಳಿಸದೆ ನೇರವಾಗಿ ಟ್ಯಾಂಕಿಗೆ ಬಿಟ್ಟು ಎಣ್ಣೆಯೊಂದರ ಮೇಲೆ ಎಲ್ಲ ಭಾರ ಹಾಕಿದರೆ ಡಬ್ಬಗಟ್ಟಲೆ ಬೇಕಾಗುತ್ತದೆ.

ಹುದುಗುವಿಕೆಯ ವಿಷಯದಲ್ಲಿ ಮದ್ಯಸಾರ ಮಾಡುವವರಿಗೂ ಔಷಧ ಮಾಡುವವರಿಗೂ ಲೆಕ್ಕ ಬೇರೆ. ಎಣ್ಣೆ ಸಣ್ಣ ಗುಳ್ಳೆಗಳನ್ನು ಒಂದುಗೂಡಿಸಿ ದೊಡ್ಡದು ಮಾಡುತ್ತದೆ. ಗುಳ್ಳೆ ದೊಡ್ಡದಾದಷ್ಟೂ ಒಟ್ಟು ಮೇಲ್ಮೈ ಕಡಿಮೆಯಾಗಿ ದ್ರವಕ್ಕೆ ಆಮ್ಲಜನಕ ಸೇರುವುದು ಕುಗ್ಗುತ್ತದೆ. ಮದ್ಯಸಾರದ ಯೀಸ್ಟಿಗೆ ಆಮ್ಲಜನಕ ಹೆಚ್ಚು ಬೇಡ, ಆದ್ದರಿಂದ ನಿಮಗೆ ಇದು ದೊಡ್ಡ ತಲೆನೋವಲ್ಲ. ಪೆನಿಸಿಲಿನ್ ಬೆಳೆಸುವವರಿಗೆ ಇದೇ ಪ್ರಾಣಸಂಕಟ. ನಿಮ್ಮ ಜಿಲ್ಲೆಯ ಪಿಂಪ್ರಿಯಲ್ಲೇ 1954ರಲ್ಲಿ ಹಿಂದೂಸ್ತಾನ್ ಆ್ಯಂಟಿಬಯೋಟಿಕ್ಸ್ ಸ್ಥಾಪನೆಯಾಯಿತು. ಪೆನಿಸಿಲಿನ್ ಉದ್ಯಮದಲ್ಲಿ ಜಗತ್ತಿನಾದ್ಯಂತ ಗಿಡದ ಎಣ್ಣೆ ಮತ್ತು ಪ್ರಾಣಿಗಳ ಕೊಬ್ಬು ಎರಡನ್ನೂ ನೊರೆ ಇಳಿಸಲು ಬಳಸಿದ್ದುಂಟು, ಮತ್ತು ಬೂಷ್ಟು ಆ ಎಣ್ಣೆಯನ್ನು ಆಹಾರವಾಗಿಯೂ ತಿನ್ನುತ್ತದೆ. ಇದರಲ್ಲಿ ಲಾಭವೂ ಉಂಟು, ತೊಡಕೂ ಉಂಟು: ಎಣ್ಣೆ ಇಂಗಾಲದ ಮೂಲವಾಗಿ ಒದಗುತ್ತದೆ, ಆದರೆ ತಿಂದು ಮುಗಿದ ಎಣ್ಣೆ ನೊರೆ ಇಳಿಸುವುದಿಲ್ಲವಾದ್ದರಿಂದ ಮತ್ತೆ ಮತ್ತೆ ಹಾಕಬೇಕು. ಸಿಲಿಕೋನ್ ಹಾಗೆ ಖರ್ಚಾಗುವುದಿಲ್ಲ, ಆದರೆ ಮುಂದಿನ ಶೋಧನೆಯ ಪೊರೆಗಳಿಗೆ ಅಂಟಿಕೊಂಡು ಕಾಡುತ್ತದೆ.

ಕೊಳಚೆನೀರಿನ ಲೆಕ್ಕವನ್ನು ಅಂಕಿಗಳಲ್ಲೇ ಹೇಳುತ್ತೇನೆ. ಒಂದು ಕಿಲೋ ಗಿಡದ ಎಣ್ಣೆ ಪೂರ್ತಿ ಉತ್ಕರ್ಷಣಗೊಳ್ಳಲು ಸುಮಾರು 2.9 ಕಿಲೋ ಆಮ್ಲಜನಕ ಬೇಕು. ದಿನಕ್ಕೆ 1 ಲಕ್ಷ ಲೀಟರ್ ಕೊಳಚೆನೀರು ಬರುವ ಮಧ್ಯಮ ಘಟಕವೊಂದು ದಿನಕ್ಕೆ 10 ಕಿಲೋ ಎಣ್ಣೆ ಬಳಸಿದರೆ, ಆ ಎಣ್ಣೆಯೊಂದರಿಂದಲೇ ಲೀಟರಿಗೆ 290 ಮಿಲಿಗ್ರಾಂ ಸಿಓಡಿ, ಅಂದರೆ ಕಶ್ಮಲ ಉತ್ಕರ್ಷಣಗೊಳ್ಳಲು ಬೇಕಾಗುವ ಆಮ್ಲಜನಕದ ಅಳತೆ, ಸೇರುತ್ತದೆ. 1986ರ ಪರಿಸರ ಸಂರಕ್ಷಣಾ ನಿಯಮಗಳ ಸಾಮಾನ್ಯ ಮಾನದಂಡದ ಪ್ರಕಾರ ಒಳನಾಡಿನ ಜಲಮೂಲಕ್ಕೆ ಬಿಡುವ ನೀರಿನಲ್ಲಿ ಸಿಓಡಿ 250 ಮಿಲಿಗ್ರಾಂ ಮೀರಬಾರದು, ಎಣ್ಣೆ-ಜಿಡ್ಡು 10 ಮಿಲಿಗ್ರಾಂ ಮೀರಬಾರದು. ಗಿಡದ್ದಾದರೆ ಪರಿಸರಕ್ಕೆ ಹಗುರ ಎನ್ನುವವರು ಈ ಗುಣಾಕಾರವನ್ನು ಒಮ್ಮೆ ಮಾಡಿ ನೋಡುವುದು ಒಳ್ಳೆಯದು. ನಿಮ್ಮ ಡಿಸ್ಟಿಲರಿಗೆ ಮಾತ್ರ ಇದು ಅಷ್ಟು ಬಾಧಿಸದು, ಏಕೆಂದರೆ ಮದ್ಯಸಾರ ಬಟ್ಟಿಯಿಳಿಸಿದ ಮೇಲೆ ಉಳಿಯುವ ಕಾಕಂಬಿಯ ಸ್ಪೆಂಟ್‌ವಾಶಿನ ಸಿಓಡಿಯೇ ಲೀಟರಿಗೆ ಲಕ್ಷ ಮಿಲಿಗ್ರಾಂ ಆಸುಪಾಸಿನಲ್ಲಿರುತ್ತದೆ. ಅದರಲ್ಲಿ ಎಣ್ಣೆಯ ಪಾಲು ನಗಣ್ಯ. ಅದು ಬಯೋಗ್ಯಾಸ್ ಘಟಕಕ್ಕೆ ಹೋದರೆ ಮಿತವಾದ ಎಣ್ಣೆ ಮೀಥೇನಾಗಿ ಮರಳಿ ಸಿಗುತ್ತದೆ. ಒಮ್ಮೆಗೇ ಹೆಚ್ಚು ಹೋದರೆ ಉದ್ದ ಸರಪಳಿಯ ಕೊಬ್ಬಿನಾಮ್ಲಗಳು ಅಲ್ಲಿನ ಬ್ಯಾಕ್ಟೀರಿಯಾಗಳನ್ನು ಸುಸ್ತು ಮಾಡುತ್ತವೆ.

ಎಣ್ಣೆಯ ಖರ್ಚು ತಗ್ಗಿಸಲು ಇನ್ನೂ ಕೆಲವು ದಾರಿಗಳಿವೆ. ಟ್ಯಾಂಕನ್ನು ಕಂಠಪೂರ್ತಿ ತುಂಬದೆ ಮೇಲೆ ಕಾಲು ಭಾಗ ಖಾಲಿ ಬಿಡಿ. ಡಬ್ಬದಿಂದ ಸುರಿಯುವ ಬದಲು, ನೊರೆ ತಾಕಿದಾಗ ಮಾತ್ರ ಪಂಪು ಓಡುವಂತೆ ಎಲೆಕ್ಟ್ರೋಡ್ ಇಳಿಬಿಡಿ. ಬೇಸಿಗೆಯಲ್ಲಿ ಕಾಕಂಬಿ ಟ್ಯಾಂಕು 40 ಡಿಗ್ರಿ ದಾಟಿದರೆ ಯೀಸ್ಟ್ ಇಲ್ಲದೆಯೂ ಸಕ್ಕರೆ ಮತ್ತು ಅಮೈನೋ ಆಮ್ಲಗಳ ನಡುವಿನ ಕ್ರಿಯೆಯಿಂದ ಇಂಗಾಲದ ಡೈಆಕ್ಸೈಡ್ ಹುಟ್ಟಿ ನೊರೆ ಏಳುತ್ತದೆ; ಅದಕ್ಕೆ ಮದ್ದು ತಣಿಸುವುದೇ ಹೊರತು ಎಣ್ಣೆಯಲ್ಲ. ಜಪಾನಿನಲ್ಲಿ ಸಾಕೆ ಎಂಬ ಅಕ್ಕಿಯ ಮದ್ಯ ತಯಾರಿಸುವವರಂತೂ ಗುಳ್ಳೆಗಳಿಗೆ ಅಂಟಿಕೊಳ್ಳದ ಯೀಸ್ಟ್ ತಳಿಗಳನ್ನೇ ಆರಿಸಿ ನೊರೆಯ ಮೂಲವನ್ನು ಕತ್ತರಿಸಿದ್ದಾರೆ. ಮಾಂಜರಿಯ ವಸಂತದಾದಾ ಶುಗರ್ ಇನ್‌ಸ್ಟಿಟ್ಯೂಟ್ ನಿಮ್ಮ ಹತ್ತಿರವೇ ಇದೆ. ಯೀಸ್ಟ್ ತಳಿಯ ವಿಷಯವನ್ನು ಅಲ್ಲಿ ವಿಚಾರಿಸಬಹುದು.

ಪ್ರಶ್ನೆ: ವಸಯಿಯಲ್ಲಿ ಸೋಯಾ ಹಾಲು ಮತ್ತು ತೋಫು ಮಾಡುವ ಸಣ್ಣ ಘಟಕ ನಡೆಸುತ್ತೇನೆ. ಕಾಯಿಸುವಾಗ ವಿಪರೀತ ನೊರೆ. ನಮ್ಮ ಗಿರಾಕಿಗಳಲ್ಲಿ ಜೈನರು ಹೆಚ್ಚು. ಸಿಲಿಕೋನ್ ಸಸ್ಯಾಹಾರವೇ? ಅದರ ಬದಲು ಏನು ಹಾಕಬಹುದು? (ಓದುಗರು, ವಸಯಿ)

ಉತ್ತರ: ಸಿಲಿಕೋನ್ ಸಸ್ಯದ್ದೂ ಅಲ್ಲ, ಪ್ರಾಣಿಯದೂ ಅಲ್ಲ, ಸಿಲಿಕಾದಿಂದ ರಾಸಾಯನಿಕವಾಗಿ ಮಾಡಿದ್ದು. ಆಹಾರದಲ್ಲಿ ಅದಕ್ಕೆ 900ಎ ಎಂಬ ಸಂಖ್ಯೆಯಿದೆ, ಕರಿಯುವ ಎಣ್ಣೆಯಲ್ಲಿ ಕಿಲೋಗೆ 10 ಮಿಲಿಗ್ರಾಂವರೆಗೆ ಅನುಮತಿಯೂ ಇದೆ. ನಿಮ್ಮ ಗಿರಾಕಿಗಳು ಕೇಳಬೇಕಾದ ಪ್ರಶ್ನೆ ಬೇರೆಯಿದೆ: ಅದನ್ನು ನೀರಿನಲ್ಲಿ ಬೆರೆಸಲು ಹಾಕಿರುವ ಎಮಲ್ಸಿಫೈಯರ್ ಯಾವ ಮೂಲದ್ದು ಎಂಬುದು. ಸ್ಟಿಯರಿಕ್ ಆಮ್ಲದಿಂದ ಮಾಡಿದ ಎಸ್ಟರುಗಳು ತಾಳೆಯಿಂದಲೂ ಬರಬಹುದು, ಪ್ರಾಣಿಗಳ ಕೊಬ್ಬಿನಿಂದಲೂ ಬರಬಹುದು. ನಾನು ಕೆಳಗೆ ಹೇಳುವ 471 ಎಂಬ ಸಂಖ್ಯೆಯ ವಸ್ತುವಿಗೂ ಇದೇ ಮಾತು ಅನ್ವಯ. ಮಾರುವವರಿಂದ ಸಸ್ಯಮೂಲದ್ದೆಂದು ಲಿಖಿತವಾಗಿ ಪಡೆದುಕೊಳ್ಳಿ.

ಸೋಯಾದಲ್ಲಿ ನೊರೆಗೆ ಕಾರಣ ಪ್ರೋಟೀನೂ ಹೌದು, ಸಪೋನಿನ್ ಎಂಬ ವಸ್ತುವೂ ಹೌದು. ಅಂಟುವಾಳ, ಸೀಗೆಕಾಯಿಗಳು ನೊರೆ ಕೊಡುವುದೂ ಸಪೋನಿನ್ನಿನಿಂದಲೇ. ಹಾಲು 80 ಡಿಗ್ರಿ ತಲುಪುವಷ್ಟರಲ್ಲಿ ಕುದಿದಂತೆ ಉಕ್ಕಿ ಬರುತ್ತದೆ, ಆದರೆ ಅದು ಕುದಿಯಲ್ಲ. ಅಷ್ಟಕ್ಕೇ ಒಲೆ ಇಳಿಸಿದರೆ ಪ್ರೋಟೀನ್ ಜೀರ್ಣವಾಗದಂತೆ ತಡೆಯುವ ಟ್ರಿಪ್ಸಿನ್ ನಿರೋಧಕಗಳು ಹಾಗೆಯೇ ಉಳಿದು ಕುಡಿದವರ ಹೊಟ್ಟೆ ಕೆಡಿಸುತ್ತವೆ. ನೂರರ ಹತ್ತಿರ ಕೆಲವು ನಿಮಿಷ ನಿಜವಾಗಿ ಕುದಿಯಲೇಬೇಕು. ಹೀಗಾಗಿ ನಿಮ್ಮ ಘಟಕದಲ್ಲಿ ನೊರೆ ಇಳಿಸುವುದು ಪಾತ್ರೆ ಉಕ್ಕದಿರಲಿ ಎಂಬುದಕ್ಕಷ್ಟೇ ಅಲ್ಲ, ಹಾಲು ಬೇಯಲಿ ಎಂಬುದಕ್ಕೆ.

ಸೋಯಾ ಎಣ್ಣೆಯಲ್ಲಿ ಸ್ವಲ್ಪ ಲೆಸಿಥಿನ್ ಮತ್ತು 471, ಅಂದರೆ ಮೋನೋ ಮತ್ತು ಡೈ ಗ್ಲಿಸರೈಡುಗಳನ್ನು ಬಿಸಿಯಲ್ಲಿ ಕರಗಿಸಿ, ಅರೆಯುವ ಹಂತದಲ್ಲೇ ಹಾಕಿ. ನೊರೆ ಎದ್ದ ಮೇಲೆ ಹಾಕಿದರೆ ಹೆಚ್ಚು ಹಿಡಿಯುತ್ತದೆ. ಈ ಸಣ್ಣ ಅಣುಗಳು ಗುಳ್ಳೆಯ ಮೇಲ್ಮೈಯಿಂದ ಪ್ರೋಟೀನನ್ನು ತಳ್ಳಿ ತಾವು ಕುಳಿತುಕೊಳ್ಳುತ್ತವೆ, ಆಗ ಪೊರೆಯ ಬಿಗಿ ಸಡಿಲವಾಗುತ್ತದೆ. ತಮಾಷೆಯೆಂದರೆ ಬೇಕರಿಯವರು ಕೇಕ್ ಜೆಲ್ ಎಂದು ಬಳಸುವುದರಲ್ಲೂ ಇದೇ 471 ಇರುತ್ತದೆ, ಅಲ್ಲಿ ಅದರ ಕೆಲಸ ಹಿಟ್ಟಿನಲ್ಲಿ ಗಾಳಿ ಹಿಡಿದಿಡುವುದು. ಆದ್ದರಿಂದ ಕೇಕ್ ಜೆಲ್ಲನ್ನೇ ತಂದು ಹಾಲಿಗೆ ಹಾಕಬೇಡಿ. ಎಫ್‌ಎಸ್‌ಎಸ್‌ಎಐ ಎಂಬ ಆಹಾರ ಸುರಕ್ಷತಾ ಪ್ರಾಧಿಕಾರದ ನಿಯಮಗಳಲ್ಲಿ ಸಂಸ್ಕರಣೆಗೆ ನೆರವಾಗುವ ವಸ್ತುಗಳಿಗೆ ಪ್ರತ್ಯೇಕ ಪಟ್ಟಿಯಿದೆ. ಆರಿಸುವ ಮೊದಲು ಅದನ್ನು ನೋಡಿಕೊಳ್ಳಿ. ನೆನೆಸಿದ ಕಾಳಿನ ನೀರನ್ನು ಚೆಲ್ಲಿ ಹೊಸ ನೀರಿನಲ್ಲಿ ಅರೆಯುವುದರಿಂದಲೂ ನೊರೆ ಸ್ವಲ್ಪ ತಗ್ಗುತ್ತದೆ.

ಪ್ರಶ್ನೆ: ಭೋಸರಿಯಲ್ಲಿ ಕಂಪ್ಯೂಟರ್ ನಿಯಂತ್ರಿತ ಯಂತ್ರಗಳಿಂದ ವಾಹನಗಳ ಬಿಡಿಭಾಗ ಮಾಡುವ ಸಿಎನ್‌ಸಿ ವರ್ಕ್‌ಶಾಪ್ ಇದೆ. ಮಳೆಗಾಲದಲ್ಲಿ ಛಾವಣಿಯ ಮಳೆನೀರು ಹಿಡಿದು ಕೂಲಂಟಿಗೆ (ಲೋಹ ಕತ್ತರಿಸುವಾಗ ತಣಿಸುವ ದ್ರವಕ್ಕೆ) ಬಳಸಲು ಶುರು ಮಾಡಿದ ಮೇಲೆ ನೊರೆ ಟ್ಯಾಂಕಿನಿಂದ ಹೊರಗೆ ಚೆಲ್ಲುತ್ತಿದೆ. ಸಸ್ಯಜನ್ಯ ಡಿಫೋಮರ್ ಒಂದನ್ನು ಸೂಚಿಸಿ. (ಓದುಗರು, ಪಿಂಪ್ರಿ-ಚಿಂಚ್‌ವಡ)

ಉತ್ತರ: ಡಿಫೋಮರ್ ಸದ್ಯಕ್ಕೆ ಬೇಡ. ನಿಮ್ಮ ಪತ್ರದಲ್ಲೇ ಉತ್ತರವಿದೆ. ಮಳೆನೀರಿನಲ್ಲಿ ಕ್ಯಾಲ್ಸಿಯಂ ಬಹುತೇಕ ಇಲ್ಲ, ನೀರಿನಲ್ಲಿ ಬೆರೆಯುವ ಕೂಲಂಟಿನಲ್ಲಿರುವ ಸಾಬೂನುಗಳು ಮೆದು ನೀರಿನಲ್ಲಿ ಮನಸಾರೆ ನೊರೆಯಾಡುತ್ತವೆ. ಮಳೆನೀರಿಗೆ ಬೋರ್‌ವೆಲ್ ನೀರು ಬೆರೆಸಿ ಗಡಸುತನವನ್ನು 100 ಪಿಪಿಎಂ ಹತ್ತಿರ ತನ್ನಿ. ಬೋರ್‌ವೆಲ್ ಇಲ್ಲದಿದ್ದರೆ ಕ್ಯಾಲ್ಸಿಯಂ ಅಸಿಟೇಟ್ ಅನ್ನು ಸ್ವಲ್ಪ ಸ್ವಲ್ಪವೇ ಕರಗಿಸಿ ಹಾಕಿ. ಕ್ಯಾಲ್ಸಿಯಂ ಕ್ಲೋರೈಡ್ ಅಗ್ಗವಾದರೂ ತುಕ್ಕು ತರುತ್ತದೆ. ಹೀಗೆ ಮಾಡಿದಾಗ ಕೂಲಂಟಿನ ಸಾಬೂನೇ ಕ್ಯಾಲ್ಸಿಯಂ ಸಾಬೂನಾಗಿ ನೊರೆ ಇಳಿಸುತ್ತದೆ. ಇದೂ ಒಂದು ಅರ್ಥದಲ್ಲಿ ಸಸ್ಯಮೂಲದ ಡಿಫೋಮರೇ, ಅದಕ್ಕೆ ನೀವು ಬೇರೆ ದುಡ್ಡು ಕೊಡಬೇಕಾಗಿಲ್ಲ. ಗಡಸುತನ ಬಹಳ ಹೆಚ್ಚಿಸಿದರೆ ಜಿಡ್ಡು ಕಟ್ಟಿ ಫಿಲ್ಟರ್ ಮುಚ್ಚಿಕೊಳ್ಳುತ್ತದೆ.

ಇದರ ಜೊತೆಗೆ ಟ್ಯಾಂಕಿನ ಮಟ್ಟ, ಪಂಪಿನ ಹೀರುಕೊಳವೆಯ ಜಾಯಿಂಟು, ಕೂಲಂಟಿನ ಸಾಂದ್ರತೆ ಇವನ್ನು ನೋಡಿ. ಮಟ್ಟ ಇಳಿದು ಪಂಪು ಗಾಳಿ ಎಳೆಯುತ್ತಿದ್ದರೆ ಯಾವ ಎಣ್ಣೆಯೂ ಉಪಯೋಗಕ್ಕೆ ಬಾರದು. ಇಷ್ಟಾದ ಮೇಲೂ ಬೇಕಾದರೆ ಎಸ್ಟರ್ ಅಥವಾ ಮೇಣ ಆಧಾರಿತ ಡಿಫೋಮರನ್ನೇ ಕೇಳಿ. ನಿಮ್ಮ ಬಿಡಿಭಾಗಗಳು ಮುಂದೆ ಬಣ್ಣದ ಶಾಪಿಗೆ ಹೋಗುವುದಾದರೆ ಸಿಲಿಕೋನ್ ಹತ್ತಿರ ಬಿಟ್ಟುಕೊಳ್ಳಬೇಡಿ; ಅದರ ಎಳ್ಳುಕಾಳಷ್ಟು ಉಳಿದರೂ ಬಣ್ಣ ಆ ಜಾಗದಿಂದ ಹಿಂದೆ ಸರಿದು ಮೀನಿನ ಕಣ್ಣಿನಂಥ ಗುಳಿ ಬೀಳುತ್ತದೆ, ಚಾಕಣದ ವಾಹನ ಕಾರ್ಖಾನೆಗಳಿಂದ ಮಾಲು ವಾಪಸು ಬರುತ್ತದೆ.

ಪ್ರಶ್ನೆ: ಹಿಂಜವಡಿಯ ನಮ್ಮ ಹೌಸಿಂಗ್ ಸೊಸೈಟಿಯ ಎಸ್‌ಟಿಪಿಯಲ್ಲಿ (ಕೊಳಚೆನೀರು ಸಂಸ್ಕರಣಾ ಘಟಕದಲ್ಲಿ) ಗಾಳಿ ಊದುವ ತೊಟ್ಟಿಯ ಮೇಲೆ ಕಂದು ನೊರೆ ಕೆನೆಗಟ್ಟಿದೆ. ಆಪರೇಟರ್ ಉಳಿದ ಅಡುಗೆ ಎಣ್ಣೆ ತಂದು ಸುರಿಯುತ್ತಾನೆ, ಪರಿಸರಸ್ನೇಹಿ ಎನ್ನುತ್ತಾನೆ. ಸರಿಯೇ? (ಸೊಸೈಟಿಯ ಕಾರ್ಯದರ್ಶಿ, ಪುಣೆ)

ಉತ್ತರ: ಸರಿಯಲ್ಲ, ಇಂದೇ ನಿಲ್ಲಿಸಿ. ದಪ್ಪ, ಅಂಟು, ಕಂದು ನೊರೆ ಸಾಮಾನ್ಯವಾಗಿ ನೊಕಾರ್ಡಿಯಾ, ಗೋರ್ಡೋನಿಯಾ ಜಾತಿಯ ಎಳೆಯಂಥ ಬ್ಯಾಕ್ಟೀರಿಯಾಗಳ ಗುರುತು. ಅವುಗಳ ಮೈ ನೀರನ್ನು ಒಲ್ಲದು, ಗುಳ್ಳೆಗಳಿಗೆ ಅಂಟಿ ಮೇಲೇರುತ್ತವೆ, ಮತ್ತು ಎಣ್ಣೆ-ಕೊಬ್ಬು ಅವುಗಳಿಗೆ ಪ್ರಿಯವಾದ ಆಹಾರ. ನಿಮ್ಮ ಆಪರೇಟರ್ ಸುರಿಯುವ ಎಣ್ಣೆ ಒಂದು ಗಂಟೆ ನೊರೆ ಇಳಿಸಿ, ವಾರದೊಳಗೆ ಅದನ್ನು ಬೆಳೆಸುತ್ತದೆ. ನೊರೆಯನ್ನು ಕೆರೆದು ಹೊರಗೆ ತೆಗೆಸಿ, ಮತ್ತೆ ತೊಟ್ಟಿಗೆ ಸೇರದಂತೆ ಒಣಗಿಸಿ; ಹಳೆಯ ಕೆಸರನ್ನು ಈಗಿನದಕ್ಕಿಂತ ಹೆಚ್ಚು ಹೊರಹಾಕಿಸಿ, ಏಕೆಂದರೆ ಈ ಬ್ಯಾಕ್ಟೀರಿಯಾಗಳು ನಿಧಾನವಾಗಿ ಬೆಳೆಯುವಂಥವು, ಕೆಸರಿನ ವಯಸ್ಸು ಕಡಿಮೆಯಾದಾಗ ನಿಲ್ಲಲಾರವು. ಅಡುಗೆಮನೆ ನೀರಿಗೆ ಎಣ್ಣೆ ಹಿಡಿಯುವ ಟ್ರ್ಯಾಪ್ ಇದ್ದರೆ ಅದನ್ನು ಶುಚಿ ಮಾಡಿಸಿ. ನೊರೆ ಬಿಳಿಯಾಗಿ ಹಗುರವಾಗಿದ್ದರೆ ಮಾತ್ರ ಅದು ಡಿಟರ್ಜೆಂಟಿನದೋ ಹೊಸ ಕೆಸರಿನದೋ ಆಗಿರುತ್ತದೆ. ಅದಕ್ಕೆ ನೀರು ಚಿಮುಕಿಸಿದರೆ ಸಾಕು. ಬೆಂಗಳೂರಿನ ಬೆಳ್ಳಂದೂರು ಕೆರೆಯ, ಆಳಂದಿಯ ಬಳಿ ಇಂದ್ರಾಯಣಿಯ ನೊರೆಯಲ್ಲಿ ಸಂಸ್ಕರಿಸದ ಕೊಳಚೆಯ ಸರ್ಫೆಕ್ಟೆಂಟುಗಳ ಪಾಲು ದೊಡ್ಡದು. ಅಂಥ ಕಡೆ ಯಾವುದೇ ಡಿಫೋಮರ್ ಸಿಂಪಡಿಸುವುದು ಕಣ್ಣೊರೆಸುವ ಕೆಲಸ.

ಪ್ರಶ್ನೆ: ಗೋವೆಯಲ್ಲಿ ಗೇರುಹಣ್ಣಿನ ರಸ ಇಂಗಿಸಿ ಸಿರಪ್ ಮಾಡುತ್ತೇವೆ. ನಿರ್ವಾತದಲ್ಲಿ ಇಂಗಿಸುವಾಗ ನೊರೆ ಮೇಲಿನ ಕೊಳವೆಗೇ ಹೋಗುತ್ತದೆ. (ಓದುಗರು, ಮಡಗಾಂವ್)

ಉತ್ತರ: ರಸವನ್ನು ಬೇಯಿಸಿದ ಸಾಬೂದಾಣಿ ಹಾಕಿ ತಿಳಿಗೊಳಿಸಿ, ಒಗರು ತೆಗೆಯಲು ಪುತ್ತೂರಿನ ಗೇರು ಸಂಶೋಧನಾ ಸಂಸ್ಥೆಯವರು ಹೇಳುವ ವಿಧಾನವೇ ಇದು, ಒಗರಿನೊಂದಿಗೆ ನೊರೆಗೆ ಕಾರಣವಾಗುವ ಕಶ್ಮಲವೂ ಹೋಗುತ್ತದೆ. ಪಂಪನ್ನು ಒಮ್ಮೆಗೇ ಪೂರ್ತಿ ನಿರ್ವಾತಕ್ಕೆ ತರದೆ ಮೆಲ್ಲಗೆ ಏರಿಸಿ. ಆಮೇಲೂ ಬೇಕಾದರೆ ವಾಸನೆ ತೆಗೆದ ಕೊಬ್ಬರಿ ಎಣ್ಣೆ ಕೆಲವು ತೊಟ್ಟು ಸಾಕು. ಗೋವೆಯ ಹವೆಯಲ್ಲಿ ಅದು ಹೆಪ್ಪುಗಟ್ಟುವುದು ಅಪರೂಪ. ಪುಣೆಯ ಜನವರಿಯಲ್ಲಾದರೆ 24 ಡಿಗ್ರಿಗಿಂತ ಕೆಳಗೆ ಗಟ್ಟಿಯಾಗಿ ಡೋಸಿಂಗ್ ಪಂಪಿನಲ್ಲಿ ಕೂರುತ್ತಿತ್ತು.

ಪ್ರಶ್ನೆ: ತಳೋಜದ ಕಾರ್ಖಾನೆಯ ಖರೀದಿ ವಿಭಾಗದಲ್ಲಿದ್ದೇನೆ. ‘ಶೇ. 100 ಸಸ್ಯಜನ್ಯ, ಸಿಲಿಕೋನ್‌ರಹಿತ’ ಎಂಬ ಡಬ್ಬಗಳು ಬರುತ್ತಿವೆ. ನಂಬುವುದು ಹೇಗೆ? (ಓದುಗರು, ನವಿ ಮುಂಬಯಿ)

ಉತ್ತರ: ಡಬ್ಬದ ಮೇಲಿನ ಮಾತನ್ನು ಬಿಟ್ಟು ಒಳಗಿರುವುದನ್ನು ಕೇಳಿ: ಸಕ್ರಿಯ ವಸ್ತು ಯಾವುದು, ಅದನ್ನು ಹೊತ್ತಿರುವ ಎಣ್ಣೆ ಯಾವುದು, ಎಮಲ್ಸಿಫೈಯರ್ ಯಾವುದು. ಗಿಡದ ಮೇಣ ಸ್ವಲ್ಪ ಹಾಕಿ ಉಳಿದದ್ದು ಖನಿಜ ಎಣ್ಣೆ ತುಂಬಿದ್ದರೂ ‘ಸಸ್ಯಜನ್ಯ’ ಎಂದು ಮಾರುವವರಿದ್ದಾರೆ. ಪ್ರತಿ ಕಿಲೋದ ಸಿಓಡಿ ಎಷ್ಟೆಂದು ಕೇಳಿದಾಗ ಉತ್ತರ ಕೊಡದ ಮಾರಾಟಗಾರರಿಂದ ನಾನಾದರೆ ಕೊಳ್ಳುವುದಿಲ್ಲ.

ಸಿಲಿಕೋನ್ ಇದೆಯೇ ಎಂಬುದಕ್ಕೆ ನಿಮ್ಮ ಪ್ರಯೋಗಾಲಯದಲ್ಲೇ ಒರಟಾದ ಒಂದು ಪರೀಕ್ಷೆ ಮಾಡಬಹುದು. ಪಿಂಗಾಣಿ ಕ್ರೂಸಿಬಲ್ಲಿನಲ್ಲಿ ಒಂದೆರಡು ಗ್ರಾಂ ಮಾದರಿಯ ನೀರನ್ನು ಮೊದಲು ಆರಿಸಿ, ಫ್ಯೂಮ್ ಹುಡ್ ಒಳಗೆ ಸುಡಿ. ಗಿಡದ ಎಣ್ಣೆ, ಖನಿಜ ಎಣ್ಣೆಗಳೆರಡೂ ಸುಟ್ಟು ಬಹುತೇಕ ಏನೂ ಉಳಿಯುವುದಿಲ್ಲ. ಸಿಲಿಕೋನ್ ಉರಿಯುವಾಗ ಬಿಳಿ ಹೊಗೆ ಬಂದು ಅಂಚಿಗೆಲ್ಲ ಹತ್ತಿಯಂಥ ಬಿಳಿ ಬೂದಿ ಕೂರುತ್ತದೆ, ಅದು ಸಿಲಿಕಾ. ಬೂದಿ ಕಂಡರೆ ಸಿಲಿಕೋನೇ ಎನ್ನಲಾಗದು, ಬರಿಯ ಸಿಲಿಕಾ ಪುಡಿ ಹಾಕಿದ್ದರೂ ಹಾಗೆಯೇ ಆಗುತ್ತದೆ. ಆಗ ಮಾದರಿಯನ್ನು ಹೊರಗಿನ ಪ್ರಯೋಗಾಲಯಕ್ಕೆ ಕಳಿಸಬೇಕು. ಮಾಟುಂಗದ ಇನ್‌ಸ್ಟಿಟ್ಯೂಟ್ ಆಫ್ ಕೆಮಿಕಲ್ ಟೆಕ್ನಾಲಜಿಯಲ್ಲಿ, 1933ರಲ್ಲಿ ಮುಂಬಯಿ ವಿಶ್ವವಿದ್ಯಾಲಯದ ವಿಭಾಗವಾಗಿ ಶುರುವಾದ ನಮ್ಮ ಹಳೆಯ ಯುಡಿಸಿಟಿಯಲ್ಲಿ, ಎಣ್ಣೆ ಮತ್ತು ಸರ್ಫೆಕ್ಟೆಂಟುಗಳಿಗೇ ಮೀಸಲಾದ ವಿಭಾಗವಿದೆ.

ಕೆಲಸದ ಮಟ್ಟ ನೋಡಲು ಒಂದು ಲೀಟರ್ ಅಳತೆಯ ಸಿಲಿಂಡರಿನಲ್ಲಿ ನಿಮ್ಮದೇ ಕಾರ್ಖಾನೆಯ ದ್ರವವನ್ನು 200 ಮಿಲಿಲೀಟರ್ ತೆಗೆದುಕೊಂಡು, ಕೆಲಸದ ಬಿಸಿಯಲ್ಲೇ ಇಟ್ಟು, ಅಕ್ವೇರಿಯಂ ಪಂಪಿನ ಕಲ್ಲಿನಿಂದ ಗಾಳಿ ಊದಿ. ನೊರೆ 800ರ ಗೆರೆ ಮುಟ್ಟಿದಾಗ ಮಾದರಿಯನ್ನು ಮೈಕ್ರೋಪಿಪೆಟ್ಟಿನಿಂದ ಬಿಟ್ಟು, ಇಳಿಯಲು ಎಷ್ಟು ಸೆಕೆಂಡ್, ಮತ್ತೆ ಅದೇ ಗೆರೆಗೆ ಏರಲು ಎಷ್ಟು ನಿಮಿಷ ಎಂದು ಎರಡನ್ನೂ ಬರೆದಿಡಿ. ಮಾರಾಟಗಾರರು ಮೊದಲನೆಯ ಅಂಕಿಯನ್ನು ಮಾತ್ರ ತೋರಿಸುತ್ತಾರೆ. ತಿಂಗಳ ಖರ್ಚು ನಿರ್ಧಾರವಾಗುವುದು ಎರಡನೆಯದರಿಂದ. ಸಿಲಿಕೋನಿಗಿಂತ ಸಸ್ಯಜನ್ಯ ಮಾದರಿ ಹಲವು ಪಟ್ಟು ಹೆಚ್ಚು ಹಿಡಿಯುವುದು ಸಾಮಾನ್ಯ. ಕಿಲೋದ ದರಗಳನ್ನು ಹೋಲಿಸದೆ, ಒಂದು ಪಾಳಿಗೆ ನೊರೆ ತಡೆಯಲು ತಗಲುವ ಒಟ್ಟು ದರವನ್ನೂ ಅದಕ್ಕೆ ಕೊಳಚೆನೀರು ಸಂಸ್ಕರಣೆಯ ಹೆಚ್ಚುವರಿ ಖರ್ಚನ್ನೂ ಸೇರಿಸಿ ಟೆಂಡರ್ ಹಾಳೆಯಲ್ಲಿ ಹೋಲಿಸಿ.